ಬ್ಯಾನರ್ ಇಳಿಸಿದ ಮೇಲೆ ಶುರುವಾದ ಕೆಲಸ: ಹುಬ್ಬಳ್ಳಿಯ ಒಂದು ಮಷಿನ್ ಶಾಪ್‌ನ ಪ್ರಕರಣ

ಇದು ಹುಬ್ಬಳ್ಳಿಯ ಒಂದು ಮಧ್ಯಮ ಗಾತ್ರದ ಮಷಿನ್ ಶಾಪ್‌ನ ಪ್ರಕರಣ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಅಲ್ಲಿನ ಜನ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದಾರೆ, ಅದರಿಂದ ಅವರಿಗೆ ತೊಂದರೆ ಆಗಬಾರದು. ಫೌಂಡ್ರಿಯಿಂದ ಬಂದ ಎರಕದ ಭಾಗಗಳನ್ನು ಲೇಥ್, ಡ್ರಿಲ್ಲಿಂಗ್, ಗ್ರೈಂಡಿಂಗ್ ಮಾಡಿ ವಾಹನ ಕಂಪನಿಗಳಿಗೆ ಕಳಿಸುವುದು ಇವರ ಕೆಲಸ. ಎರಡು ಪಾಳಿ. ಕಾಯಂ ನೌಕರರು, ಗುತ್ತಿಗೆ ಹುಡುಗರು, ಐಟಿಐ ಮುಗಿಸಿ ಬಂದ ಅಪ್ರೆಂಟಿಸ್‌ಗಳು, ಕಸ ಗುಡಿಸುವ ಹೆಣ್ಣುಮಕ್ಕಳು ಎಲ್ಲ ಸೇರಿ ನೂರರ ಮೇಲೆ ಜನ. ಇಂಥ ಕಾರ್ಖಾನೆಗಳಿಗೆ ಸುರಕ್ಷತೆ ಮತ್ತು ಪರಿಸರದ ವಿಷಯದಲ್ಲಿ ಹೊರಗಿನಿಂದ ನೆರವಾಗುವುದು ನನ್ನ ಕೆಲಸ.

ಅವರು ನನ್ನನ್ನು ಕರೆದಾಗ ಹೇಳಿದ ಸಮಸ್ಯೆ ಒಂದೇ ಸಾಲಿನದು. "ನಮ್ಮ ಹುಡುಗ್ರಿಗೆ ಪರಿಸರದ ಬಗ್ಗೆ ಕಾಳಜಿನ ಇಲ್ರಿ, ಏನರ ಒಂದು ಟ್ರೇನಿಂಗ್ ಮಾಡ್ರಿ."

ಕರೆಯೋಕೆ ಕಾರಣ ಆಡಿಟ್. ಇವರ ಹತ್ತಿರ ಐಎಸ್‌ಒ 14001 ಅನ್ನೋ, ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರ ಇದೆ. ಗಿರಾಕಿ ಕಂಪನಿಗಳು ಕೇಳುತ್ತವೆ, ಹಾಗಾಗಿ ಇಟ್ಟುಕೊಳ್ಳಲೇಬೇಕು. ಈ ಮಾನದಂಡದ 2015ರ ಆವೃತ್ತಿಯಲ್ಲಿ 7.3 ಅನ್ನೋ ಕಲಮು ಪೂರ್ತಿ ಅರಿವಿನ ಬಗ್ಗೆಯೇ ಇದೆ. ಕಂಪನಿಯ ಪರಿಸರ ನೀತಿ ಏನು, ತನ್ನ ಕೆಲಸದಿಂದ ಪರಿಸರಕ್ಕೆ ಆಗುವ ಮುಖ್ಯ ಪರಿಣಾಮ ಏನು, ತಾನು ಏನು ಮಾಡಿದರೆ ಸುಧಾರಿಸುತ್ತದೆ, ನಿಯಮ ತಪ್ಪಿದರೆ ಏನಾಗುತ್ತದೆ ಅನ್ನೋದು ಪ್ರತಿ ಕೆಲಸಗಾರನಿಗೂ ಗೊತ್ತಿರಬೇಕು ಅನ್ನೋದು ಅದರ ಸಾರ. ಆಡಿಟರ್ ಒಬ್ಬ ಲೇಥ್ ಆಪರೇಟರ್ ಹತ್ತಿರ ನಿಂತು ಕೇಳಿದ್ದಾರೆ. ಅವನು ಪರಿಸರ ನೀತಿಯನ್ನು ಮೊದಲಿಂದ ಕೊನೆತನಕ ಗಡಗಡ ಒಪ್ಪಿಸಿದ್ದಾನೆ. "ಕೂಲಂಟ್ ನೆಲಕ್ಕೆ ಚೆಲ್ಲಿದರೆ ಏನು ಮಾಡ್ತೀರಿ?" ಅಂದಾಗ ಮಾತಾಡಿಲ್ಲ. (ಲೋಹ ಕತ್ತರಿಸುವಾಗ ತಂಪು ಮಾಡಲು ಹಾಕುವ ದ್ರವ ಕೂಲಂಟ್.) ತಲೆ ತಗ್ಗಿಸಿ ನಿಂತುಬಿಟ್ಟಿದ್ದಾನೆ. ಅದನ್ನು ಆಡಿಟರ್ ಬರೆದುಕೊಂಡು ಹೋಗಿದ್ದಾರೆ.

ಕಾರ್ಯಕ್ರಮಗಳಿಗೇನೂ ಕೊರತೆ ಇರಲಿಲ್ಲ. ಪ್ರತಿ ವರ್ಷ ಜೂನ್ 5ರ ಪರಿಸರ ದಿನಕ್ಕೆ ಗೇಟಿಗೆ ದೊಡ್ಡ ಬ್ಯಾನರ್, ಒಬ್ಬರು ಮುಖ್ಯ ಅತಿಥಿ, ಪ್ರತಿಜ್ಞೆ, ಎದೆಗೆ ಹಸಿರು ಬ್ಯಾಡ್ಜ್, ಸಸಿ ನೆಡುವುದು, ಫೋಟೊ, ಆಮೇಲೆ ಚಹಾ. ಆ ಚಹಾ ಪ್ಲಾಸ್ಟಿಕ್ ಪದರದ ಕಾಗದದ ಕಪ್ಪಿನಲ್ಲಿ. ಕಾರ್ಯಕ್ರಮಕ್ಕೆ ಕರೆಯುತ್ತಿದ್ದದ್ದು ಮೊದಲ ಪಾಳಿಯ ಕಾಯಂ ನೌಕರರನ್ನು ಮಾತ್ರ. ಎರಡನೇ ಪಾಳಿಯವರು ಬರುವಷ್ಟರಲ್ಲಿ ಪೆಂಡಾಲ್ ಬಿಚ್ಚಿರುತ್ತಿತ್ತು. ಗುತ್ತಿಗೆಯವರನ್ನು ಯಾರೂ ಕರೆಯುತ್ತಿರಲಿಲ್ಲ.

ಮೊದಲು ಕೇಳಿಸಿಕೊಂಡದ್ದು

ಟ್ರೇನಿಂಗ್ ಆಮೇಲೆ ನೋಡೋಣ, ಮೊದಲು ಎರಡೂ ಪಾಳಿಯಲ್ಲಿ ಸುಮ್ನೆ ಓಡಾಡುತ್ತೇನೆ ಅಂತ ಮಾಲಕರ ಒಪ್ಪಿಗೆ ತಗೊಂಡೆ. ಜೊತೆಗೆ ಮ್ಯಾನೇಜರ್ ಬರಬಾರದು ಅನ್ನೋ ಷರತ್ತಿನ ಮೇಲೆ. ಇದು ಮುಖ್ಯ. ಮ್ಯಾನೇಜರ್ ಪಕ್ಕದಲ್ಲಿದ್ದರೆ ಕೆಲಸಗಾರ ಪರಿಸರ ನೀತಿ ಒಪ್ಪಿಸುತ್ತಾನೆ, ಮನಸ್ಸಿನಲ್ಲಿ ಇದ್ದದ್ದನ್ನು ಹೇಳುವುದಿಲ್ಲ.

ಆಡಿಟರ್ ಮುಂದೆ ಸುಮ್ಮನಾದ ಆ ಆಪರೇಟರ್‌ನನ್ನೇ ಮೊದಲು ಮಾತಾಡಿಸಿದೆ. ಕೂಲಂಟ್ ಚೆಲ್ಲಿದರೆ ಏನು ಮಾಡಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಿಗೆ ಹೊಟ್ಟು ಹಾಕಿ ಹೀರಿಸಬೇಕು, ಬಳಿದು ಬೇರೆ ಡ್ರಮ್ಮಿಗೆ ಹಾಕಬೇಕು. "ಆದ್ರ ಹೊಟ್ಟಿನ ಬಕೆಟ್ ಖಾಲಿ ಆಗಿ ಎಷ್ಟೋ ತಿಂಗಳಾತ್ರಿ ಅಕ್ಕಾರ. ಸಾಹೇಬ್ರು ಎದುರಿಗೇ ನಿಂತಿದ್ರು. ಬಕೆಟ್ ಖಾಲಿ ಐತಿ ಅಂತ ಹ್ಯಾಂಗ ಹೇಳ್ಲಿ?"

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಒಂದು ಮಾತಿನಲ್ಲೇ ಇದೆ. ಅವನಿಗೆ ಅರಿವು ಇತ್ತು. ಹೊಟ್ಟು ಇರಲಿಲ್ಲ. ಹೊಟ್ಟು ಇಲ್ಲ ಅಂತ ಹೇಳುವ ಜಾಗವೂ ಇರಲಿಲ್ಲ.

ಆಮೇಲೆ ಒಂದೊಂದಾಗಿ ಬಂತು. ಕಂಪ್ರೆಸರ್‌ನಿಂದ ಮಷಿನ್‌ಗಳಿಗೆ ಒತ್ತಡದ ಗಾಳಿ ತರುವ ಪೈಪುಗಳಲ್ಲಿ ಅಲ್ಲಲ್ಲಿ ಸೋರಿಕೆ, ಊಟದ ಹೊತ್ತಿಗೆ ಮಷಿನ್ ನಿಂತಾಗ ಸುಯ್ ಅನ್ನೋ ಸದ್ದು ಎಲ್ಲರಿಗೂ ಕೇಳುತ್ತದೆ. ರಜೆ ಮುಗಿಸಿ ಬಂದ ದಿನ ಕೂಲಂಟ್ ಟ್ಯಾಂಕ್ ನಾತ ಹೊಡೆಯುತ್ತದೆ. ಕೈ ತುರಿಸುತ್ತದೆ. ಚಿಪ್ಸ್, ಅಂದರೆ ಕತ್ತರಿಸಿ ಉಳಿದ ಲೋಹದ ಚೂರು, ತುಂಬುವ ತೊಟ್ಟಿಯ ತಳ ಸೋರಿ ಎಣ್ಣೆ ನೀರು ಅಂಗಳದಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಿ ಅದು ಸೀದಾ ಗಟಾರಕ್ಕೆ. ಇದೆಲ್ಲವನ್ನೂ ಅವರು ಸೂಪರ್‌ವೈಸರಿಗೆ ಹೇಳಿದ್ದರು. ಒಮ್ಮೆ ಅಲ್ಲ. "ಹೇಳಿ ಹೇಳಿ ಸಾಕಾಗಿ ಬಿಟ್ಟೀವ್ರಿ" ಅನ್ನೋ ಮಾತು ಬೇರೆ ಬೇರೆ ಬಾಯಲ್ಲಿ ಕೇಳಿದೆ.

ಕಸ ಗುಡಿಸುವ ಹೆಣ್ಣುಮಕ್ಕಳು ಹೇಳಿದ್ದು ಇನ್ನೂ ನೇರವಾಗಿತ್ತು. ಕ್ಯಾಂಟೀನ್ ಹೊರಗೆ ಹಸಿರು, ನೀಲಿ ಡಬ್ಬಿ ಇಟ್ಟಿದ್ದರು. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಗೋಡೆ ತುಂಬ ಚಿತ್ರ. ಕಸವನ್ನು ಹುಟ್ಟುವ ಜಾಗದಲ್ಲೇ ಬೇರೆ ಮಾಡಬೇಕು ಅಂತ ಘನತ್ಯಾಜ್ಯ ನಿಯಮವೇ ಹೇಳುತ್ತದೆ, ಹಾಗಾಗಿ ಡಬ್ಬಿ ಇಟ್ಟದ್ದು ಸರಿ. ಆದರೆ ಸಂಜೆ ಬರುವ ಟ್ರಾಕ್ಟರ್ ಎರಡೂ ಡಬ್ಬಿಯನ್ನು ಒಂದೇ ಟ್ರೇಲರಿಗೆ ಸುರಿದುಕೊಂಡು ಹೋಗುತ್ತಿತ್ತು. ಅದನ್ನು ಇಡೀ ಕಾರ್ಖಾನೆ ದಿನಾ ನೋಡುತ್ತಿತ್ತು. "ನಾವು ಬ್ಯಾರೆ ಮಾಡಿದ್ದು ಟ್ರಾಕ್ಟರದಾಗ ಒಂದ ಆಗ್ತೈತ್ರಿ ಅಕ್ಕಾ. ಮತ್ತ ಯಾಕ ಕೈ ಹೊಲಸ ಮಾಡ್ಕೋಬೇಕು?" ಅಂತ ಒಬ್ಬರು ಕೇಳಿದರು. ಇದಕ್ಕೆ ಗೋಡೆಯ ಮೇಲಿನ ಚಿತ್ರ ಉತ್ತರ ಅಲ್ಲ, ಅಲ್ವಾ? ಗುತ್ತಿಗೆದಾರನನ್ನು ಕರೆದು ಟ್ರಾಕ್ಟರಿನಲ್ಲಿ ಅಡ್ಡ ತಗಡು ಹಾಕಿಸುವುದು ಉತ್ತರ. ಹಾಕಿಸಿದ್ದು ಬಹಳ ತಡವಾಗಿ, ಆದರೆ ಹಾಕಿಸಿದರು.

ನೀರಿನ ಪೋಸ್ಟರ್ ಬಗ್ಗೆ ಒಂದು ಮಾತು. "ನೀರು ಅಮೂಲ್ಯ, ಮಿತವಾಗಿ ಬಳಸಿ" ಅಂತ ನಲ್ಲಿ ಮೇಲೆ ಅಂಟಿಸಿದ್ದರು. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರಬೇಕು. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಪ್ರಯೋಗ ಶುರುವಾಯಿತು, ಆದರೆ ಉಳಿದ ಎಷ್ಟೋ ಓಣಿಗಳು ದಿನಗಟ್ಟಲೆ ಕಾಯುತ್ತಲೇ ಬಂದಿವೆ. ರಾತ್ರಿ ಎದ್ದು ಬ್ಯಾರಲ್, ಕೊಡ, ಪಾತ್ರೆ ಎಲ್ಲ ತುಂಬಿಟ್ಟು ಬೆಳಿಗ್ಗೆ ಡ್ಯೂಟಿಗೆ ಬರುವ ಹೆಣ್ಣುಮಗಳಿಗೆ ನೀರಿನ ಬೆಲೆ ಪೋಸ್ಟರ್ ಹೇಳಿಕೊಡಬೇಕಾ? ಅದೇ ಪೋಸ್ಟರ್ ಕೆಳಗಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಿಸುವ ಅಧಿಕಾರ ಅವಳಿಗೆ ಇರಲಿಲ್ಲ.

ಗಾಳಿ ಸೋರಿಕೆಯಿಂದ ಶುರು

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಗಾಳಿ ಸೋರಿಕೆಯನ್ನು ಮೊದಲು ಆರಿಸಿದೆವು. ಅದು ಕಿವಿಗೆ ಕೇಳುತ್ತದೆ, ಕೈಗೆ ಸಿಗುತ್ತದೆ, ರಿಪೇರಿ ಅಗ್ಗ. ಮಾಲಕರಿಗೆ ಲೆಕ್ಕವೂ ಬೇಗ ಅರ್ಥ ಆಗುತ್ತದೆ.

ಕಂಪ್ರೆಸರ್ ಗಾಳಿ ಪುಕ್ಕಟೆ ಅಂತ ಬಹಳ ಜನ ತಿಳಿದಿರುತ್ತಾರೆ. ನಿಜ ಹೇಳಬೇಕಂದರೆ ಮಷಿನ್ ಶಾಪ್‌ನಲ್ಲಿ ಎಲ್ಲಕ್ಕಿಂತ ದುಬಾರಿ ಶಕ್ತಿ ಅದೇ. ಕಂಪ್ರೆಸರಿಗೆ ಹಾಕಿದ ಕರೆಂಟಿನಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ, ಕೊನೆಗೆ ಕೆಲಸಕ್ಕೆ ಸಿಗುವುದು ನೂರಕ್ಕೆ 10ರಿಂದ 30ರಷ್ಟು. ಇಂಧನ ದಕ್ಷತಾ ಬ್ಯೂರೊದ ಕೈಪಿಡಿಯಲ್ಲಿ ಒಂದು ಕೋಷ್ಟಕ ಇದೆ. 7 ಬಾರ್ ಒತ್ತಡದಲ್ಲಿ 3.1 ಮಿಲಿಮೀಟರ್ ತೂತಿನಿಂದ ಸುಮಾರು 3 ಕಿಲೋವ್ಯಾಟ್ ಪೋಲಾಗುತ್ತದೆ. 6.4 ಮಿಲಿಮೀಟರ್ ಆದರೆ 12 ಕಿಲೋವ್ಯಾಟ್. ತೂತು ಎರಡು ಪಟ್ಟು ಆದರೆ ನಷ್ಟ ನಾಲ್ಕು ಪಟ್ಟು.

ಇದನ್ನು ಸ್ಲೈಡ್ ಹಾಕಿ ತೋರಿಸಲಿಲ್ಲ. ಊಟದ ಬಿಡುವಿನಲ್ಲಿ ಒಂದು ಮಷಿನ್ ಹತ್ತಿರ ನಿಂತು, ಬ್ರಷ್‌ನಿಂದ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವುದನ್ನು ತೋರಿಸಿದೆವು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆವು. 3 ಕಿಲೋವ್ಯಾಟ್, ಎರಡು ಪಾಳಿಗೆ 16 ತಾಸು, ದಿನಕ್ಕೆ 48 ಯೂನಿಟ್. ತಿಂಗಳಿಗೆ 25 ದಿನ ಹಿಡಿದರೆ 1,200 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡರೂ 8,400 ರೂಪಾಯಿ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಅಂದರೆ ತಿಂಗಳಿಗೆ 840 ಕಿಲೊ. ಒಂದು ತೂತಿನಿಂದ. ಒಬ್ಬ ಅಪ್ರೆಂಟಿಸ್ ಹುಡುಗ ಆ 8,400ರ ಮುಂದೆ ಬಹಳ ಹೊತ್ತು ನಿಂತಿದ್ದ. ಯಾಕೆ ಅಂತ ನಾನು ಕೇಳಲಿಲ್ಲ, ಅವನ ಸ್ಟೈಪೆಂಡ್ ಎಷ್ಟು ಅಂತ ಗೊತ್ತಿತ್ತು.

ಒಟ್ಟು ಸೋರಿಕೆ ಅಳೆಯೋಕೆ ರಜೆಯ ದಿನ ಒಂದು ಪರೀಕ್ಷೆ ಮಾಡಿದೆವು. ಗಾಳಿ ಬಳಸುವ ಯಾವ ಮಷಿನ್ನೂ ಓಡುತ್ತಿಲ್ಲ, ಕಂಪ್ರೆಸರ್ ಮಾತ್ರ ಚಾಲೂ. ಅದು ಲೋಡ್ ಆಗಿ, ಅಂದರೆ ಗಾಳಿ ತುಂಬುತ್ತಾ, ಎಷ್ಟು ನಿಮಿಷ ಓಡಿತು, ಅನ್‌ಲೋಡ್ ಆಗಿ, ಅಂದರೆ ಗಾಳಿ ತುಂಬದೆ, ಎಷ್ಟು ನಿಮಿಷ ಇತ್ತು ಅಂತ ಗಡಿಯಾರ ಹಿಡಿದು ಬರೆಯುವುದು. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ. ಯಾರೂ ಗಾಳಿ ಬಳಸದಿದ್ದರೂ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ಆಗುವುದನ್ನು ಅವತ್ತು ಬಂದವರು ಕಣ್ಣಾರೆ ನೋಡಿದರು. ಮಾಲಕರೂ ನಿಂತು ನೋಡಿದರು.

ಆಮೇಲಿನ ವ್ಯವಸ್ಥೆ ಇಷ್ಟೇ. ಸೋರಿಕೆ ಕಂಡವರು ಕೆಂಪು ರಿಬ್ಬನ್ ಕಟ್ಟಬೇಕು. ಗೇಟಿನ ಹತ್ತಿರದ ಬೋರ್ಡ್ ಮೇಲೆ ಮಷಿನ್ ನಂಬರ್, ಕಟ್ಟಿದ ದಿನ, ಸರಿಯಾದ ದಿನ ಬರೆಯಬೇಕು. ವಾರದೊಳಗೆ ಮೇಂಟೆನೆನ್ಸ್‌ನವರು ಉತ್ತರ ಕೊಡಬೇಕು. ಸರಿ ಮಾಡಿದ್ದೇವೆ ಅಂತ ಬರೆಯಬಹುದು, ಇಂಥ ಕಾರಣಕ್ಕೆ ಆಗುವುದಿಲ್ಲ ಅಂತಲೂ ಬರೆಯಬಹುದು. ಖಾಲಿ ಬಿಡುವಂತಿಲ್ಲ.

ಇಲ್ಲೇ ಜಗಳ ಶುರುವಾಯಿತು. ಮೊದಲ ವಾರ ಬೋರ್ಡ್ ತುಂಬ ರಿಬ್ಬನ್‌ನ ಲೆಕ್ಕ, ಉತ್ತರದ ಕಾಲಮ್ಮು ಖಾಲಿ. ಮೇಂಟೆನೆನ್ಸ್ ಮುಖ್ಯಸ್ಥರು ಸಿಟ್ಟಿಗೆದ್ದರು. "ಗೇಟಿನಾಗ ನನ್ನ ಮರ್ಯಾದಿ ತಗೀಲಿಕತ್ತೀರಿ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಕೂತು ಕೇಳಿದಾಗ ಗೊತ್ತಾದದ್ದು, ಅವರ ಹತ್ತಿರ ಫಿಟ್ಟಿಂಗ್‌ಗಳೇ ಇರಲಿಲ್ಲ. ನೂರು ರೂಪಾಯಿಯ ಕಪ್ಲರ್ (ಪೈಪ್ ಜೋಡಿಸುವ ಭಾಗ) ತರಿಸಲೂ ಇಂಡೆಂಟ್ (ಬೇಡಿಕೆ ಚೀಟಿ) ಬರೆದು, ಮೂರು ಸಹಿ ಆಗಿ, ಪರ್ಚೇಸ್‌ನಲ್ಲಿ ಕೊಟೇಶನ್ ಬರಬೇಕಿತ್ತು. ಕೆಲಸಗಾರ ಹೇಳುತ್ತಿದ್ದ, ಸೂಪರ್‌ವೈಸರ್ ಹೇಳುತ್ತಿದ್ದ, ಮೇಂಟೆನೆನ್ಸ್‌ನವರೂ ಹೇಳುತ್ತಿದ್ದರು, ಎಲ್ಲರ ಮಾತೂ ಹೋಗಿ ಅದೇ ಇಂಡೆಂಟ್ ಬುಕ್ಕಿನಲ್ಲಿ ನಿಲ್ಲುತ್ತಿತ್ತು.

ಮಾಲಕರು ಒಂದು ನಿರ್ಧಾರ ಮಾಡಿದರು. ಬೋರ್ಡ್ ಮೇಲೆ ಬಂದ ಸಣ್ಣ ರಿಪೇರಿಗೆ ಮೇಂಟೆನೆನ್ಸ್ ಮುಖ್ಯಸ್ಥರು ಯಾರ ಸಹಿಯೂ ಇಲ್ಲದೆ ಪೇಟೆಯಿಂದ ನೇರ ತರಬಹುದು, ತಿಂಗಳ ಕೊನೆಗೆ ಬಿಲ್ಲು ತೋರಿಸಿದರೆ ಸಾಕು. ಅಷ್ಟೇ. ಆಮೇಲೆ ರಿಬ್ಬನ್ ಬಿಚ್ಚತೊಡಗಿದವು. ತಾವು ಕಟ್ಟಿದ ರಿಬ್ಬನ್ ಬಿಚ್ಚಿದ್ದನ್ನು ನೋಡಿದ ಹುಡುಗರು ಮತ್ತೆ ಹುಡುಕತೊಡಗಿದರು. ಎರಡನೇ ಪಾಳಿಯವರು ಜಾಸ್ತಿ ಹುಡುಕಿದರು, ರಾತ್ರಿ ಸದ್ದು ಕಡಿಮೆ, ಸೋರಿಕೆ ಚೆನ್ನಾಗಿ ಕೇಳುತ್ತದೆ. ಅವರನ್ನು ಪರಿಸರದ ಯಾವ ಕೆಲಸಕ್ಕೂ ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ.

ಇನ್ನೊಂದು ಅವರಿಂದಲೇ ಬಂತು. ಪಾಳಿ ಮುಗಿದ ಮೇಲೆ ಗಾಳಿ ಗನ್‌ನಿಂದ ಬಟ್ಟೆ ಜಾಡಿಸಿಕೊಳ್ಳುವ ರೂಢಿ ಎಲ್ಲ ಕಡೆ ಇದೆ. ಅದು ಅಪಾಯ, ಕಣ್ಣಿಗೆ ಚೂರು ಹಾರುತ್ತದೆ, ಗಾಯದ ಮೂಲಕ ಗಾಳಿ ಒಳಗೆ ಹೋದರೆ ಜೀವಕ್ಕೇ ಕುತ್ತು. ಬೇಡ ಅಂತ ಬೋರ್ಡ್ ಇತ್ತು, ಯಾರೂ ಕೇಳುತ್ತಿರಲಿಲ್ಲ. "ಬ್ರಷ್ ಕೊಡ್ರಿ, ಗಾಳಿ ಹೊಡ್ಕೊಳ್ಳೂದು ಬಿಡ್ತೀವಿ" ಅಂದರು. ಕೊಟ್ಟರು. ಬಿಟ್ಟರು.

ಕೂಲಂಟ್, ಗಟಾರ, ಹೊಲ

ಎರಡನೆಯದು ಕೂಲಂಟ್. ಹಾಲಿನ ಹಾಗೆ ಬೆಳ್ಳಗೆ ಕಾಣುವ ಇದು ಎಣ್ಣೆ ಮತ್ತು ನೀರಿನ ಮಿಶ್ರಣ. ಸಾಮಾನ್ಯ ಟರ್ನಿಂಗ್‌ಗೆ ನೂರಕ್ಕೆ ಐದರ ಆಸುಪಾಸು ಎಣ್ಣೆ. ಹದ ತಪ್ಪಿ ತೆಳ್ಳಗಾದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಷಿನ್ನಿನ ಹೈಡ್ರಾಲಿಕ್ ಎಣ್ಣೆ, ಸ್ಲೈಡಿನ ಎಣ್ಣೆ ಸೋರಿ ಮೇಲೆ ಪದರ ಕಟ್ಟಿದರೆ ಗಾಳಿ ಒಳಗೆ ಹೋಗುವುದಿಲ್ಲ. ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಅದೇ ಬೇಕು. ರಜೆಯ ದಿನ ಪಂಪ್ ನಿಂತಿರುತ್ತದೆ, ಟ್ಯಾಂಕ್ ಅಲ್ಲಾಡುವುದಿಲ್ಲ, ಮರುದಿನ ಕೊಳೆತ ಮೊಟ್ಟೆಯ ನಾತ. ನಾತ ಬಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಖಾಲಿ ಮಾಡಿದ್ದನ್ನು ಎಲ್ಲೋ ವಿಲೇವಾರಿ ಮಾಡಬೇಕು, ಖರ್ಚೂ ಜಾಸ್ತಿ, ಮಾಲಿನ್ಯವೂ ಜಾಸ್ತಿ.

ತೆಳ್ಳಗೆ ಯಾಕೆ ಆಗುತ್ತಿತ್ತು? ಎಣ್ಣೆಯ ಡ್ರಮ್ ಸ್ಟೋರ್‌ನಲ್ಲಿ ಬೀಗದೊಳಗೆ. ಎರಡನೇ ಪಾಳಿಗೆ ಸ್ಟೋರ್ ಬಂದ್. ಟ್ಯಾಂಕ್ ಮಟ್ಟ ಇಳಿದರೆ ಮಷಿನ್ ನಿಲ್ಲಿಸುವಂತಿಲ್ಲ, ಉತ್ಪಾದನೆಯ ಟಾರ್ಗೆಟ್ ಇದೆ. ಹಾಗಾಗಿ ನಲ್ಲಿ ನೀರು ಹೊಯ್ಯುತ್ತಿದ್ದರು. ಇದು ಕಾಳಜಿ ಇಲ್ಲದ್ದರಿಂದ ಆದದ್ದಲ್ಲ, ಬೀಗದಿಂದ ಆದದ್ದು.

ಬೀಗ ತೆಗೆಸಿದೆವು ಅನ್ನೋದಕ್ಕಿಂತ, ಹದ ಮಾಡಿಟ್ಟ ಕೂಲಂಟ್‌ನ ಒಂದು ಬ್ಯಾರಲ್ ಶಾಪ್ ಒಳಗೇ ಇಡುವ ಹಾಗೆ ಆಯಿತು. ಪ್ರತಿ ಸಾಲಿಗೆ ಒಬ್ಬ ಆಪರೇಟರ್ ರಿಫ್ರಾಕ್ಟೊಮೀಟರ್ ಹಿಡಿದು ದಿನಾ ರೀಡಿಂಗ್ ತಗೊಳ್ಳಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ದುರ್ಬೀನಿನಂಥ ಸಾಧನ ಅದು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ, ಎಣ್ಣೆಯ ಹದ ಎಷ್ಟಿದೆ ಅಂತ ಅದರಿಂದ ತಿಳಿಯುತ್ತದೆ. ಮೊದಲು ಇದನ್ನು ಕ್ವಾಲಿಟಿ ವಿಭಾಗದವರು ಮಾತ್ರ ಮುಟ್ಟುತ್ತಿದ್ದರು. ಆಪರೇಟರ್ ಕೈಗೆ ಕೊಟ್ಟ ಮೇಲೆ ಅವರ ಮಾತೇ ಬದಲಾಯಿತು. "ಇವತ್ತ ನಾಲ್ಕಕ್ಕ ಇಳದೈತಿ" ಅಂತ ಪಾಳಿ ಬದಲಾಗುವಾಗ ಒಬ್ಬರಿಗೊಬ್ಬರು ಹೇಳುವುದನ್ನು ಕೇಳಿದೆ. ಕೈ ತುರಿಸುವ ದೂರೂ ನಿಧಾನಕ್ಕೆ ಕಡಿಮೆಯಾಯಿತು. ಪರಿಸರದ ಕೆಲಸ ಮತ್ತು ಕೆಲಸಗಾರನ ಚರ್ಮ ಬೇರೆ ಬೇರೆ ವಿಷಯ ಅಲ್ಲ ಅನ್ನೋದನ್ನು ಇಲ್ಲಿ ಹೇಳಿಕೊಡಬೇಕಾಗಲಿಲ್ಲ.

ಚಿಪ್ಸ್ ತೊಟ್ಟಿಯ ಸೋರಿಕೆ ಮಾತಾಡುವಾಗ ಹಿರಿಯ ಆಪರೇಟರ್ ಒಬ್ಬರು ಒಂದು ಮಾತು ಹೇಳಿದರು. ಅವರ ಊರು ಹುಬ್ಬಳ್ಳಿಯ ದಕ್ಷಿಣಕ್ಕೆ, ಕಟ್ನೂರಿನ ಕಡೆ. ಬಿಡನಾಳ, ಗಬ್ಬೂರು, ಕಟ್ನೂರು ಕಡೆಯ ರೈತರು ಹುಬ್ಬಳ್ಳಿಯ ನಾಲಾದ ನೀರನ್ನೇ ಪಂಪ್ ಹಚ್ಚಿ ಹೊಲಕ್ಕೆ ಬಿಡುತ್ತಾ ಬಂದಿದ್ದಾರೆ. ಬೇರೆ ನೀರು ಇಲ್ಲ. ಅದರಲ್ಲಿ ತರಕಾರಿ ಬೆಳೆದು ಮತ್ತೆ ಹುಬ್ಬಳ್ಳಿ ಪೇಟೆಗೇ ತರುತ್ತಾರೆ. "ಇಲ್ಲಿ ಗಟಾರಕ್ಕ ಬಿಟ್ಟಿದ್ದು ಎಲ್ಲಿ ಹೋಗ್ತೈತಿ ಅಂತ ನನಗ ಯಾರೂ ಹೇಳೂದು ಬ್ಯಾಡ್ರಿ. ನಮ್ಮ ಹೊಲದಾಗ ಕಾಲಿಟ್ರ ಕಾಣತೈತಿ." ಅವರ ಸುತ್ತ ನಿಂತಿದ್ದ ಹುಡುಗರು ಸುಮ್ಮನಾದರು. ಆ ಹುಡುಗರಲ್ಲಿ ಬಹಳ ಜನ ಕುಂದಗೋಳ, ಕಲಘಟಗಿ, ಶಿಗ್ಗಾವಿ ಕಡೆಯ ರೈತರ ಮಕ್ಕಳೇ.

ನಮ್ಮ ಭಾಗದ ಜನರಿಗೆ ಪರಿಸರದ ಕಾಳಜಿ ಇಲ್ಲ ಅನ್ನೋ ಮಾತು ನನಗೆ ಯಾವಾಗಲೂ ನೋವು ಕೊಡುತ್ತದೆ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. ಊರಿನ ಸಾಮೂಹಿಕ ಭೂಮಿಯನ್ನು ಪಲ್ಪ್‌ವುಡ್ ಕಂಪನಿಗೆ ಕೊಟ್ಟದ್ದರ ವಿರುದ್ಧ ನಡೆದ ಆ 'ಕಿತ್ತಿಕೊ-ಹಚ್ಚಿಕೊ' ಚಳವಳಿಯ ಹಿಂದೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ನಿಂತಿತ್ತು. ಗದಗಿನಲ್ಲಿ ಕಪ್ಪತಗುಡ್ಡ ಉಳಿಯಬೇಕು ಅಂತ ಜನ ಬೀದಿಗೆ ಬಂದರು. ಸಂರಕ್ಷಿತ ಪ್ರದೇಶ ಅನ್ನೋ ಸ್ಥಾನವನ್ನು ಸರ್ಕಾರ ಒಮ್ಮೆ ವಾಪಸ್ ತಗೊಂಡಿತು, ಹೋರಾಟದ ಮೇಲೆ 2017ರಲ್ಲಿ ಮರಳಿ ಕೊಟ್ಟಿತು, 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಹೊಲ, ಮೇವು, ನೀರು ಅಂದಾಗ ಈ ಜನ ಎದ್ದು ನಿಂತಿದ್ದಾರೆ. ಕಾರ್ಖಾನೆ ಗೇಟಿನೊಳಗೆ ಬಂದ ಕೂಡಲೇ ಅದೇ ಜನಕ್ಕೆ ಕಾಳಜಿ ಹೋಗಿಬಿಡುತ್ತದಾ? ಹೋಗುವುದಿಲ್ಲ. ಒಳಗೆ ಅವರ ಮಾತಿಗೆ ಬೆಲೆ ಇರುವುದಿಲ್ಲ.

ತೊಟ್ಟಿಯ ಕೆಳಗೆ ಇಳಿಜಾರಿನ ಟ್ರೇ ಮಾಡಿಸಿದರು, ಬಸಿದ ಕೂಲಂಟ್ ಒಂದು ಗುಂಡಿಗೆ ಬಂದು ಅಲ್ಲಿಂದ ಶೋಧಿಸಿ ಮತ್ತೆ ಟ್ಯಾಂಕಿಗೆ. ಮೇಲೆ ತಗಡಿನ ಚಾವಣಿ. ಟ್ರೇ ವಿನ್ಯಾಸ ಮಾಡಿದ್ದು ಆ ಹಿರಿಯರು ಮತ್ತು ವೆಲ್ಡಿಂಗ್ ಹುಡುಗರು. ಇದಕ್ಕೆ ಡ್ರಾಯಿಂಗ್ ಕೂಡ ಇರಲಿಲ್ಲ.

ಗುತ್ತಿಗೆ ಹೆಣ್ಣುಮಕ್ಕಳ ಸಭೆ

ಕಸ ಗುಡಿಸುವವರ ಜೊತೆ ಬೇರೆ ಕೂತದ್ದು ಬಹಳ ಉಪಯೋಗ ಆಯಿತು. ಎಣ್ಣೆ ಒರೆಸಿದ ಕಾಟನ್ ವೇಸ್ಟ್ ಎಲ್ಲಿ ಹೋಗುತ್ತದೆ ಅಂತ ಅವರಿಗಷ್ಟೇ ಪೂರ್ತಿ ಗೊತ್ತಿತ್ತು. ಅದು ಮಾಮೂಲಿ ಕಸದ ಜೊತೆ ಹೋಗುತ್ತಿತ್ತು, ಕೆಲವೊಮ್ಮೆ ಹಿಂದಿನ ಗೋಡೆಯ ಹತ್ತಿರ ಸುಡುತ್ತಿದ್ದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಬಳಸಿದ ಎಣ್ಣೆಯೂ ಇದೆ, ಇಂಥ ಕೊಳೆಯಾದ ಬಟ್ಟೆಯೂ ಇದೆ. ಬೇರೆ ಡ್ರಮ್ಮಿನಲ್ಲಿ ಮುಚ್ಚಳ ಹಾಕಿ, ಚೀಟಿ ಅಂಟಿಸಿ ಇಡಬೇಕು. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳದೆ ಅಧಿಕೃತ ಸಂಸ್ಥೆಗೆ ಕೊಡಬೇಕು. ಕಡತದಲ್ಲಿ ಇದೆಲ್ಲ ಸರಿಯಾಗಿಯೇ ಬರೆದಿತ್ತು. ಕಾಟನ್ ಎತ್ತುವ ಕೈಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ, ಗ್ಲೌಸ್ ಕೂಡ ಕೊಟ್ಟಿರಲಿಲ್ಲ. ಗ್ಲೌಸ್ ಮೊದಲು ಬಂತು, ಡ್ರಮ್ ಆಮೇಲೆ. ಆ ಕ್ರಮ ನಾನು ಬೇಕಂತಲೇ ಇಟ್ಟದ್ದು.

ಇದೇ ಸಭೆಯಲ್ಲಿ ಕಾಗದದ ಕಪ್ ಬಿಟ್ಟು ಸ್ಟೀಲ್ ಲೋಟ ತರುವ ವಿಷಯ ಬಂತು. ಆಫೀಸಿನವರಿಗೆ ಅದು ಬಹಳ ಹಿಡಿಸಿದ ಐಡಿಯಾ. ಒಬ್ಬ ಅಕ್ಕ ಕೇಳಿದರು: "ತೊಳೆಯೋರು ಯಾರ್ರಿ?" ನೂರು ಜನ, ದಿನಕ್ಕೆ ಎರಡು ಸಲ ಚಹಾ. ಆ ಲೋಟ ಎಲ್ಲ ಅವರ ತಲೆ ಮೇಲೇ ಬರುತ್ತಿತ್ತು, ಸಂಬಳ ಒಂದು ರೂಪಾಯಿ ಹೆಚ್ಚಾಗದೆ. ಪರಿಸರದ ಹೆಸರಿನಲ್ಲಿ ಎಲ್ಲಕ್ಕಿಂತ ಕಡಿಮೆ ಸಂಬಳದವರ ಮೇಲೆ ಹೊಸ ಕೆಲಸ ಹೇರುವುದು ಅನ್ಯಾಯ, ಇದನ್ನು ನಾನು ಮಾಲಕರ ಮುಂದೆ ಖಡಾಖಂಡಿತ ಹೇಳಿದೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಲೋಟ ತಾವೇ ಇಟ್ಟುಕೊಳ್ಳುವುದು, ತಾವೇ ತೊಳೆಯುವುದು ಅಂತ ಆಯಿತು. ಮ್ಯಾನೇಜರೂ ತೊಳೆಯಬೇಕು. ಇದರಲ್ಲಿ ಕೆಲವರು ಇನ್ನೂ ತಪ್ಪಿಸುತ್ತಾರೆ.

ಫಲಿಸದ್ದೂ ಇವೆ. 'ವಾಹನ ಇಲ್ಲದ ದಿನ' ಮಾಡಿದರು, ನಡೆಯಲಿಲ್ಲ. ಎರಡನೇ ಪಾಳಿ ಬಿಡುವುದು ರಾತ್ರಿ. ಅವಳಿ ನಗರದ ನಡುವಿನ ತ್ವರಿತ ಬಸ್ 'ಚಿಗರಿ' ಓಡುವುದು ಹುಬ್ಬಳ್ಳಿ-ಧಾರವಾಡದ ಮುಖ್ಯ ರಸ್ತೆಯಲ್ಲಿ, ಹಳ್ಳಿಗೆ ಹೋಗುವವನಿಗೆ ಬೈಕ್ ಬಿಟ್ಟರೆ ದಾರಿ ಇಲ್ಲ. ಬಿಟ್ಟುಬಿಟ್ಟದ್ದೇ ಒಳ್ಳೆಯದಾಯಿತು. 'ತಿಂಗಳ ಪರಿಸರ ಸ್ನೇಹಿ ನೌಕರ' ಅಂತ ಫೋಟೊ ಹಾಕಿದರು, ಅದು ಸೂಪರ್‌ವೈಸರ್‌ಗಳಿಗೆ ಹತ್ತಿರದವರಿಗೇ ಸಿಗುತ್ತಿದೆ ಅಂತ ಮನಸ್ತಾಪ ಆಯಿತು, ನಿಲ್ಲಿಸಿದರು.

ಆಯುಧ ಪೂಜೆ

ಮಷಿನ್ ಶಾಪ್‌ಗಳಲ್ಲಿ ವರ್ಷಕ್ಕೆಲ್ಲ ಹೆಚ್ಚು ಎಣ್ಣೆ ಗಟಾರಕ್ಕೆ ಹೋಗುವ ದಿನ ಯಾವುದು ಅಂತ ಕೇಳಿದರೆ ನಾನು ಆಯುಧ ಪೂಜೆಯ ಹಿಂದಿನ ದಿನ ಅನ್ನುತ್ತೇನೆ. ಭಕ್ತಿಯಿಂದಲೇ ಮಾಡುತ್ತಾರೆ. ಮಷಿನ್ ಥಳಥಳ ಅನ್ನಬೇಕು. ಡೀಸೆಲ್, ಸೀಮೆಎಣ್ಣೆ ಹಾಕಿ ಉಜ್ಜಿ, ಪೈಪ್ ಹಿಡಿದು ನೀರು ಹೊಡೆದು, ವರ್ಷದ ಜಿಡ್ಡೆಲ್ಲ ಒಂದೇ ದಿನ ಹೊರಗೆ. ಅದನ್ನು ಬೇಡ ಅನ್ನೋಕೆ ಹೊರಗಿನವರಾದ ನಮಗೆ ಧೈರ್ಯವೂ ಇರಬಾರದು, ಹಕ್ಕೂ ಇಲ್ಲ. ನಾನು ಬರೀ ಗಟಾರದ ಮಾತು ತೆಗೆದೆ. ಉಳಿದದ್ದನ್ನು ಅವರೇ ನಿರ್ಧರಿಸಿದರು.

ಒಂದೇ ದಿನ ಅಲ್ಲ, ವಾರ ಮೊದಲೇ ಶುರು ಮಾಡಿದರು. ಮೊದಲು ಜಿಡ್ಡು ಕೆರೆದು ತೆಗೆಯುವುದು. ಆಮೇಲೆ ಹೊಟ್ಟು ಹಾಕಿ ಹೀರಿಸುವುದು, ಬಟ್ಟೆಯಿಂದ ಒರೆಸುವುದು, ಎಲ್ಲ ಡ್ರಮ್ಮಿಗೆ. ನೀರಿನ ಪೈಪ್ ಶಾಪ್ ಒಳಗೆ ತರುವಂತಿಲ್ಲ. ಪೂಜೆ ದಿನ ಮಷಿನ್‌ಗಳಿಗೆ ಚೆಂಡು ಹೂ ಕಟ್ಟಿ, ಕುಂಬಳಕಾಯಿ ಒಡೆದು, ಎಂದಿನಂತೆಯೇ ಸಂಭ್ರಮ. ಪ್ಲಾಸ್ಟಿಕ್ ತೋರಣ ತಂದವರನ್ನು ಹುಡುಗರೇ ವಾಪಸ್ ಕಳಿಸಿದರು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಸಿಯ ವಿಷಯವೂ ಇಲ್ಲೇ ಬಗೆಹರಿಯಿತು. ಜೂನ್ 5ಕ್ಕೆ ನಮ್ಮ ಕಡೆ ಎಷ್ಟೋ ವರ್ಷ ಮಳೆ ಸರಿಯಾಗಿ ಹಿಡಿದಿರುವುದಿಲ್ಲ. ಅವತ್ತು ಫೋಟೊಕ್ಕೆ ಹಚ್ಚಿದ ಸಸಿ ಮುಂದಿನ ಏಪ್ರಿಲ್ ಬಿಸಿಲು ತಡೆಯುತ್ತಿರಲಿಲ್ಲ, ನೀರು ಹಾಕುವವರು ಯಾರು ಅಂತಲೂ ಗೊತ್ತಿರಲಿಲ್ಲ. ಈಗ ಮಳೆ ಹಿಡಿದ ಮೇಲೆ ಹಚ್ಚುತ್ತಾರೆ, ಒಂದೊಂದು ಸಾಲಿನವರಿಗೆ ಒಂದೊಂದು ಗಿಡ. ಹೊಂಗೆ, ಬೇವು ಇವೆ. ಒಂದು ಬನ್ನಿ ಬೇಕೇ ಬೇಕು ಅಂತ ಹಟ ಹಿಡಿದರು, ದಸರೆಗೆ ಬನ್ನಿ ಕೊಡೋಕೆ ಬೇರೆಲ್ಲೋ ಟೊಂಗೆ ಮುರಿಯುವ ಬದಲು ನಮ್ಮದೇ ಗಿಡ ಇರಲಿ ಅಂತ. ಬನ್ನಿ ನಿಧಾನಕ್ಕೆ ಬೆಳೆಯುವ ಗಿಡ. ಅದಕ್ಕೆ ಕೈ ತೊಳೆದ ನೀರು ಹೋಗುವ ಹಾಗೆ ಪೈಪ್ ಎಳೆದಿದ್ದಾರೆ, ಸಾಬೂನು ಇಲ್ಲದ ನಲ್ಲಿಯಿಂದ.

ಈಗ ಎಲ್ಲಿದೆ

ರಿಬ್ಬನ್ ಬೋರ್ಡ್ ನಡೆಯುತ್ತಿದೆ. ರಜೆಯ ದಿನದ ಪರೀಕ್ಷೆಯಲ್ಲಿ ಕಂಪ್ರೆಸರ್ ಮೊದಲಿನ ಹಾಗೆ ಮತ್ತೆ ಮತ್ತೆ ಲೋಡ್ ಆಗುವುದಿಲ್ಲ. ಬೋರ್ಡ್ ಮೇಲೆ ಈಗ ಗಾಳಿ ಅಷ್ಟೇ ಅಲ್ಲ, ನಲ್ಲಿ, ಲೈಟು, ಎಣ್ಣೆ ಸೋರಿಕೆ, ಶೌಚಾಲಯದ ಫ್ಲಶ್ ಎಲ್ಲ ಬರುತ್ತವೆ. ಮುಂದಿನ ಆಡಿಟ್‌ನಲ್ಲಿ ಅದೇ ಆಪರೇಟರ್‌ನನ್ನು ಮಾತಾಡಿಸಿದರು. ಅವನು ನೀತಿ ಒಪ್ಪಿಸಲಿಲ್ಲ, ಹೊಟ್ಟಿನ ಬಕೆಟ್ ತೋರಿಸಿದ, ಕೂಲಂಟ್ ರೀಡಿಂಗ್ ಪುಸ್ತಕ ತೋರಿಸಿದ, ಜೊತೆಗೆ ತಮ್ಮ ಸಾಲಿನ ಒಂದು ಟ್ಯಾಂಕ್ ಇನ್ನೂ ಸೋರುತ್ತಿದೆ ಅಂತಲೂ ಹೇಳಿದ. ಮ್ಯಾನೇಜರ್ ಪಕ್ಕದಲ್ಲೇ ಇದ್ದರು.

ಉಳಿದಿರುವ ದೊಡ್ಡ ಚಿಂತೆ ಗುತ್ತಿಗೆಯದು. ಸ್ವಚ್ಛತೆಯ ಗುತ್ತಿಗೆ ಈಚೆಗೆ ಬೇರೆಯವರಿಗೆ ಹೋಯಿತು. ಹಳೆಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡರು. ಯಾವ ಡ್ರಮ್ಮಿಗೆ ಏನು, ಯಾವ ಮೂಲೆಯಲ್ಲಿ ಎಣ್ಣೆ ನಿಲ್ಲುತ್ತದೆ ಅನ್ನೋ ಅವರ ತಿಳಿವಳಿಕೆ ಅವರ ಜೊತೆಗೇ ಹೋಯಿತು. ಹೊಸಬರು ಮೊದಲ ವಾರವೇ ಕಾಟನ್ ವೇಸ್ಟನ್ನು ಒಣ ಕಸಕ್ಕೆ ಹಾಕಿದರು, ಅವರದೇನೂ ತಪ್ಪಿಲ್ಲ. ಗುತ್ತಿಗೆದಾರ ಬದಲಾದರೂ ಕೆಲಸದವರನ್ನು ಮುಂದುವರಿಸಬೇಕು, ತರಬೇತಿಯ ತಾಸುಗಳಿಗೂ ಕೂಲಿ ಕೊಡಬೇಕು ಅನ್ನೋ ಎರಡು ಷರತ್ತುಗಳನ್ನು ಮುಂದಿನ ಟೆಂಡರಿನಲ್ಲಿ ಸೇರಿಸಿ ಅಂತ ಬರೆದು ಕೊಟ್ಟಿದ್ದೇನೆ. ಎರಡನೆಯದಕ್ಕೆ ಮಾಲಕರು ಒಪ್ಪಿದ್ದಾರೆ. ಮೊದಲನೆಯದರ ಮಾತು ಇನ್ನೂ ನಡೆದಿದೆ.